ಚರಂಡಿಯ ಮೇಲಿನ ಚಪ್ಪಡಿ: ಮಾರ್ಟಳ್ಳಿಯವರಿಗೆ ಒಂದು ಬಹಿರಂಗ ಪತ್ರ

ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಅಣ್ಣಂದಿರಿಗೆ, ಅಕ್ಕಂದಿರಿಗೆ, ಬೀದಿಗೆ ಬಾಗಿಲಿರುವ ಮನೆಯವರಿಗೆಲ್ಲ,

ಈ ಪತ್ರವನ್ನು ಪಂಚಾಯಿತಿಗೆ ಬರೆಯೋಣ ಎಂದೇ ಕೂತಿದ್ದೆ. "ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ" ಎಂದು ಒಂದು ಸಾಲು ಬರೆದೂ ಆಗಿತ್ತು. ಆ ಹಾಳೆ ಮಡಚಿಟ್ಟು ನಿಮಗೆ ಬರೆಯುತ್ತಿದ್ದೇನೆ. ಕಾರಣ ನಮ್ಮ ಮನೆಯ ಮುಂದೆಯೇ ಸಿಕ್ಕಿತು.

ಮೊನ್ನೆ ಸಂಜೆ ಮಳೆ ಬಂತಲ್ಲ, ಹಿಂಗಾರಿನ ದೊಡ್ಡ ಮಳೆಯೇನಲ್ಲ, ಅರ್ಧ ಗಂಟೆಯದ್ದು. ನಿಂತ ಮೇಲೆ ಹೊರಗೆ ಬಂದು ನೋಡಿದರೆ ನೀರೆಲ್ಲ ನಡುಬೀದಿಯಲ್ಲಿ ಹೋಗುತ್ತಿತ್ತು. ಪಕ್ಕದಲ್ಲೇ ಸಿಮೆಂಟಿನ ಬಾಕ್ಸ್ ಚರಂಡಿ ಇದೆ. ಅದರೊಳಗೆ ಹಳೆಯ ಬಚ್ಚಲ ನೀರು ಕಪ್ಪಗೆ ನಿಂತೇ ಇತ್ತು, ಅಲುಗಾಡುತ್ತಿರಲಿಲ್ಲ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನು ನಾನು. ಅದರಲ್ಲಿ ಹತ್ತು ಹನ್ನೆರಡು ವರ್ಷ ರಸ್ತೆ ಗುತ್ತಿಗೆದಾರರ ಕೈಕೆಳಗೆ ಮೇಸ್ತ್ರಿಯಾಗಿದ್ದೆ. ನೀರು ದಾರಿ ತಪ್ಪಿದರೆ ನನಗೆ ನಿದ್ದೆ ಬರುವುದಿಲ್ಲ.

ಮಾರನೇ ದಿನ ಅಟ್ಟದ ಮೇಲಿದ್ದ ಮಟ್ಟದ ಪೈಪು ಇಳಿಸಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆರಳು ದಪ್ಪದ ಪಾರದರ್ಶಕ ಪೈಪು, ಒಳಗೆ ಗುಳ್ಳೆ ಇಲ್ಲದಂತೆ ನೀರು ತುಂಬಿಸಿ ಇಬ್ಬರು ಎರಡು ತುದಿ ಹಿಡಿದು ನಿಂತರೆ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ಟೇಪು ಬಿಟ್ಟು ಅಳೆಯುವುದು. ಯಂತ್ರ ಸುಳ್ಳು ಹೇಳಬಹುದು, ಎಂಜಿನಿಯರ್ ಸುಳ್ಳು ಹೇಳಬಹುದು, ಪೈಪಿನ ನೀರು ಹೇಳುವುದಿಲ್ಲ. ಮೊಮ್ಮಗನನ್ನು ಬೀದಿಯ ಮೇಲಿನ ತುದಿಯಲ್ಲಿ ನಿಲ್ಲಿಸಿ ನಾನು ಕೆಳಗಿನ ತುದಿ ಹಿಡಿದೆ. ಅವನ ಕಡೆ ಚರಂಡಿಯ ತಳ ಮೂರಡಿ ಎರಡಿಂಚು ಕೆಳಗಿತ್ತು. ನನ್ನ ಕಡೆ ಅದಕ್ಕಿಂತ ಹೆಚ್ಚಿರಬೇಕು, ನೂರಡಿಗೆ ಆರಿಂಚಾದರೂ ಇಳಿಜಾರು ಬೇಕಲ್ಲ. ಬಂದದ್ದು ಸರಿಯಾಗಿ ಮೂರಡಿ. ಅಂದರೆ ಚರಂಡಿ ಇಳಿಯುವ ಬದಲು ಎರಡಿಂಚು ಏರಿದೆ.

ಗುತ್ತಿಗೆದಾರನನ್ನು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೊಮ್ಮಗ, "ತಾತಾ, ನಮ್ಮ ಚಪ್ಪಡಿ ಕೆಳಗಡೆ ಏನೈತೆ ನೋಡಣ ಇರು" ಅಂದ. ಹಾರೆ ತಂದು ಚಪ್ಪಡಿಯ ಒಂದು ಮೂಲೆ ಎತ್ತಿದೆವು. ಹಾಲಿನ ಕವರು, ಗುಟ್ಕಾ ಚೀಟಿ, ತೆಂಗಿನ ಮಟ್ಟೆಯ ತೊಟ್ಟು, ಯಾರದೋ ಮಗುವಿನ ಒಂಟಿ ಚಪ್ಪಲಿ, ಅದರ ಕೆಳಗೆ ಮರಳಿನ ಹೂಳು. ಹೂಳಿನ ಕೆಳಗೆ ಹಾರೆ ಟಣ್ ಎಂದಿತು. ಒಂದು ಮಂಕರಿ ಅಗಲದ ಸಿಮೆಂಟ್ ಗಟ್ಟಿ. ನಮ್ಮ ಮನೆಗೆ ಜಗಲಿ ಕಟ್ಟಿಸಿದಾಗ ಬೀದಿಯಲ್ಲೇ ಗಾರೆ ಕಲಸಿ, ಉಳಿದದ್ದನ್ನು ನೀರು ಹಾಕಿ ಚರಂಡಿಗೆ ತೊಳೆದು ಬಿಟ್ಟವನು ನಾನೇ. ಬೀದಿಯ ನೀರು ನಿಲ್ಲಿಸಿದ ಅಣೆಕಟ್ಟೆ ನನ್ನದೇ ಕೆಲಸ. ಪಂಚಾಯಿತಿಯ ಪತ್ರ ಮಡಚಿಟ್ಟದ್ದು ಆಗ.

ಆದರೆ ತಪ್ಪೆಲ್ಲ ನಮ್ಮದೇ ಎಂದು ಎದೆ ಬಡಿದುಕೊಳ್ಳುವ ಪತ್ರವೂ ಇದಲ್ಲ. ಕೆಲಸದವನಾಗಿ ಕಂಡದ್ದನ್ನು ಸ್ವಲ್ಪ ಹೇಳಬೇಕು.

ರಸ್ತೆ ಹಾಳಾಗುವುದು ಚಕ್ರದಿಂದ ಎಂದು ನಾವು ತಿಳಿದಿದ್ದೇವೆ. ಮರಳು ಟಿಪ್ಪರ್ ಹೋದರೆ ಬೈಯುತ್ತೇವೆ. ಟಿಪ್ಪರ್ ಹಾಳು ಮಾಡುವುದಿಲ್ಲ ಎಂದಲ್ಲ, ಆದರೆ ರಸ್ತೆಯನ್ನು ಮೊದಲು ಕೊಲ್ಲುವುದು ನೀರು. ಟಾರಿನ ಮೇಲ್ಪದರದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಚರಂಡಿ ಕಟ್ಟಿಕೊಂಡು ನೀರು ರಸ್ತೆಯ ಮೇಲೆ ನಿಂತರೆ ಆ ಬಿರುಕಿನಲ್ಲಿ ಇಳಿದು ಕೆಳಗಿನ ಜಲ್ಲಿ, ಗ್ರಾವೆಲ್ಲು, ಮಣ್ಣನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಮೇಲಿನ ಟಾರು ಹಪ್ಪಳವಿದ್ದಂತೆ. ಒಂದು ಬಸ್ಸು ಸಾಕು. ಮೊದಲು ಅಂಗೈಯಗಲದ ಗುಂಡಿ, ವಾರಕ್ಕೆ ತಟ್ಟೆಯಗಲ, ಮಳೆಗಾಲ ಮುಗಿಯುವಷ್ಟರಲ್ಲಿ ಬಾಣಲೆ. ಅದಕ್ಕೇ ರಸ್ತೆ ಹಾಕುವಾಗ ನಡು ಎತ್ತರ, ಎರಡೂ ಮಗ್ಗುಲು ತಗ್ಗು ಇಡುವುದು. ನಡುವೆ ಬಿದ್ದ ನೀರು ಅಂಚಿಗೆ ಬರಬೇಕು, ಅಂಚಿನಿಂದ ಚರಂಡಿಗೆ, ಚರಂಡಿಯಿಂದ ಮೋರಿಗೆ, ಮೋರಿಯಿಂದ ಹಳ್ಳಕ್ಕೆ ಹೋಗಬೇಕು. ಈ ನಾಲ್ಕರಲ್ಲಿ ಒಂದು ಕಟ್ಟಿಕೊಂಡರೂ ನೀರು ರಸ್ತೆಗೇ ವಾಪಸ್. ಚರಂಡಿಯಿಲ್ಲದ ರಸ್ತೆ ಅಂದರೆ ಹರಿಯುವ ನೀರಿಗೆ ನಾವು ಖರ್ಚು ಮಾಡಿ ಹಾಸಿದ ಕಾಲುವೆ.

ಕಾಂಕ್ರೀಟ್ ರಸ್ತೆಯ ಕಾಯಿಲೆ ಬೇರೆ. ಅದಕ್ಕೆ ಹದಿನಾಲ್ಕು ದಿನವಾದರೂ ಗೋಣಿ ಹಾಸಿ ನೀರುಣಿಸಬೇಕು. ಪೂರ್ತಿ ಬಲ ಬರಲು ಇಪ್ಪತ್ತೆಂಟು ದಿನ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ, ಹೆಸರು ಬೇಡ ಬಿಡಿ, ಮೂರನೇ ದಿನಕ್ಕೇ ಟ್ರಾಕ್ಟರ್ ಹತ್ತಿಸಿದರು. ಊರಿನ ಮದುವೆಗೆ ಶಾಮಿಯಾನದ ಸಾಮಾನು ಬರಬೇಕಿತ್ತಂತೆ. ಗುತ್ತಿಗೆದಾರ ಬೇಡ ಅನ್ನಲಿಲ್ಲ, ಅವನಿಗೆ ಬಿಲ್ಲಿನ ಅವಸರ. ಊರವರು ಬೇಡ ಅನ್ನಲಿಲ್ಲ, ಅವರಿಗೆ ಮದುವೆಯ ಅವಸರ. ಆ ರಸ್ತೆಯ ಆಯುಷ್ಯ ಅವತ್ತೇ ಅರ್ಧವಾಯಿತು. ಆಮೇಲೆ ಎಷ್ಟು ತೇಪೆ ಹಾಕಿದರೇನು?

ಇನ್ನೊಂದನ್ನು ನಿಮ್ಮ ಮನೆ ಹೊಸ್ತಿಲಲ್ಲಿ ನಿಂತು ನೋಡಿ. ಹಳೆಯ ಮನೆಗಳ ಹೊಸ್ತಿಲು ಒಂದು ಕಾಲಕ್ಕೆ ಬೀದಿಗಿಂತ ಎರಡು ಮೆಟ್ಟಿಲು ಮೇಲಿತ್ತು. ಮಣ್ಣಿನ ಬೀದಿಯ ಮೇಲೆ ಮೆಟ್ಲಿಂಗ್ ಬಂತು, ಅದರ ಮೇಲೆ ಟಾರು, ಟಾರಿನ ಮೇಲೆ ಕಾಂಕ್ರೀಟು. ಹಳೆಯದನ್ನು ಕಿತ್ತು ಹಾಕುವ ಪದ್ಧತಿಯೇ ಇಲ್ಲ, ಕೀಳುವ ಕೂಲಿ ಯಾವ ಅಂದಾಜು ಪಟ್ಟಿಯಲ್ಲಿ ಬರೆದಿರುತ್ತಾರೆ? ಬೀದಿ ಬೆಳೆಯುತ್ತಾ ಹೋಯಿತು, ಮನೆಗಳು ಕುಗ್ಗುತ್ತಾ ಹೋದವು. ಈಗ ಜೋರು ಮಳೆ ಬಂದರೆ ಹೆಂಗಸರು ಹೊಸ್ತಿಲಿಗೆ ಮರಳಿನ ಚೀಲ ಅಡ್ಡ ಇಡುತ್ತಾರೆ. ರಸ್ತೆ ಅಭಿವೃದ್ಧಿಯಾಗಿದೆ, ಸಂಶಯವಿಲ್ಲ.

ಆಮೇಲೆ ಜಲಜೀವನ್ ಮಿಷನ್. 2019ರಲ್ಲಿ ಯೋಜನೆ ಬಂತು. ಮನೆಮನೆಗೆ ನಲ್ಲಿ ಒಳ್ಳೆಯದೇ, ಬಿಂದಿಗೆ ಹೊತ್ತ ಸೊಂಟಗಳಿಗೆ ಗೊತ್ತು ಅದರ ಬೆಲೆ. ಆದರೆ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಆಗಿನ್ನೂ ಹೊಸದಾಗಿದ್ದ ಕಾಂಕ್ರೀಟ್ ಬೀದಿಯನ್ನು ಪೈಪಿಗಾಗಿ ಉದ್ದಕ್ಕೂ ಸೀಳಿದರು. ಮುಚ್ಚುವಾಗ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡದೆ ಮೇಲೆ ಒಂದು ಬಾಣಲೆ ಸಿಮೆಂಟ್ ಎಳೆದರು. ಮೊದಲ ಮಳೆಗೆ ಅದು ಕುಸಿದು ಬೀದಿಯ ನಡುವೆ ಇನ್ನೊಂದು ಚರಂಡಿ ಆಯಿತು. ಅಗೆದವರೇ ಮೊದಲಿದ್ದ ಹಾಗೆ ಮಾಡಿ ಕೊಡಬೇಕು, ಅದು ಕೆಲಸದ ಷರತ್ತು. ಅಗೆಯುವ ದಿನ ನಿಂತು ನೋಡುವ ನಾವು ಮುಚ್ಚುವ ದಿನ ಎಲ್ಲಿರುತ್ತೇವೆ ಅನ್ನುವುದು ಪ್ರಶ್ನೆ.

ಈಗ ಯಾವ ರಸ್ತೆ ಯಾರದು ಎಂಬ ವಿಷಯ. ಇದು ಗೊತ್ತಿಲ್ಲದೆ ನಾವು ಒಂದು ಗುಂಡಿಗಾಗಿ ನಾಲ್ಕು ಬಾಗಿಲು ತಟ್ಟುತ್ತೇವೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳು ಹೆಚ್ಚಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವು. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಹಾಕಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು, ಆ ಅವಧಿ ರಸ್ತೆ ಬದಿಯ ಫಲಕದಲ್ಲೇ ಇರುತ್ತದೆ. ಕಾಡಿನೊಳಗಿನದಕ್ಕೆ ಅರಣ್ಯ ಇಲಾಖೆಯನ್ನು ಕೇಳಬೇಕು. ಊರೊಳಗಿನ ಬೀದಿ, ಚರಂಡಿ, ಸಣ್ಣ ಮೋರಿ ಗ್ರಾಮ ಪಂಚಾಯಿತಿಯವು. 1993ರ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣ ಅದನ್ನೇ ಹೇಳುತ್ತದೆ, ಕಟ್ಟುವುದಷ್ಟೇ ಅಲ್ಲ, ದುರಸ್ತಿ ಮತ್ತು ನಿರ್ವಹಣೆ ಕೂಡ. ಕೊಳ್ಳೇಗಾಲದವರಿಗೆ ನಗರಸಭೆ ಇದೆ, ಹನೂರು ಯಳಂದೂರಿನವರಿಗೆ ಪಟ್ಟಣ ಪಂಚಾಯಿತಿ ಇದೆ, ಅವರ ಕಾಯ್ದೆ ಬೇರೆ, ಅವರ ಗುಂಡಿಗಳು ಮಾತ್ರ ನಮ್ಮವುಗಳ ಅಣ್ಣತಮ್ಮಂದಿರೇ.

ನಮ್ಮ ಭಾಗದ ಮೇಲೆ ದೊರೆತನ ಮಾಡಿದ ಕಚೇರಿಗಳೂ ಕಡಿಮೆಯಲ್ಲ. 1956ರವರೆಗೆ ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆ. ಆಮೇಲೆ ಮೈಸೂರು ಜಿಲ್ಲೆ. 1997ರಲ್ಲಿ ಚಾಮರಾಜನಗರ ಜಿಲ್ಲೆ. ಈಗ ಹನೂರೇ ತಾಲ್ಲೂಕು ಕೇಂದ್ರ. ಅರ್ಜಿ ಬರೆಯುವ ವಿಳಾಸ ಇಷ್ಟು ಸಲ ಬದಲಾದರೂ ಮಳೆ ನೀರು ಹಳ್ಳಕ್ಕೆ ಹೋಗುವ ದಾರಿ ಬದಲಾಗಿಲ್ಲ. ಆ ದಾರಿಯಲ್ಲಿ ನಾವು ಮನೆ ಕಟ್ಟಿದ್ದೇವೆ, ಅಷ್ಟೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಪಂಚಾಯಿತಿಗೆ ಬರುವ ಹಣದಲ್ಲಿ ದೊಡ್ಡ ಪಾಲು ಹಣಕಾಸು ಆಯೋಗದ್ದು. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ನೂರಕ್ಕೆ ಅರವತ್ತು ಕಟ್ಟಿಹಾಕಿದ ಹಣ, ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ನಲವತ್ತನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು. ನರೇಗಾ ಹಣದಲ್ಲಿ ಕೂಲಿಗೆ ಅರವತ್ತು, ಸಾಮಗ್ರಿಗೆ ನಲವತ್ತು ಇತ್ತು. ಆ ಸಾಮಗ್ರಿ ಪಾಲಿನಲ್ಲೇ ಹಳ್ಳಿಹಳ್ಳಿಗೂ ಕಾಂಕ್ರೀಟ್ ಬೀದಿ ಬಂದದ್ದು. ಇಷ್ಟೆಲ್ಲ ಹಣದಲ್ಲಿ ಹೊಸ ಕಾಮಗಾರಿಗೆ ಗುದ್ದಲಿ ಪೂಜೆ ಇರುತ್ತದೆ, ಹಾರ, ತೆಂಗಿನಕಾಯಿ, ಫೋಟೋ, ಕಲ್ಲಿನ ಫಲಕ ಇರುತ್ತದೆ. ಹೂಳು ಎತ್ತುವುದಕ್ಕೆ ಗುದ್ದಲಿ ಮಾತ್ರ ಸಾಕು, ಪೂಜೆಗೆ ಯಾರೂ ಬರುವುದಿಲ್ಲ. ನಾವೂ ಹಾಗೇ. ವಾರ್ಡ್ ಸಭೆಗೆ ಹೋದರೆ "ನಮ್ಮ ಬೀದಿಗೆ ರಸ್ತೆ ಹಾಕಿಸಿ" ಅನ್ನುತ್ತೇವೆ. "ಹೋದ ಸಲ ಹಾಕಿದ ರಸ್ತೆಯ ಚರಂಡಿ ತೆಗೆಸಲು ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಎಷ್ಟು ಇಟ್ಟಿದ್ದೀರಿ" ಎಂದು ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ನಾನೂ ಕೇಳಿಲ್ಲ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕೆಂದು ಕಾಯ್ದೆಯಲ್ಲಿದೆ. ನಾವು ಹೋಗುವುದು ಮನೆ ಮಂಜೂರಾತಿ ಪಟ್ಟಿ ಓದುವ ದಿನ ಮಾತ್ರ.

ನಿರ್ವಹಣೆ ಅಂದರೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ಶಿವನಸಮುದ್ರದ ವೆಸ್ಲಿ ಸೇತುವೆ ನೋಡಿದ್ದೀರಲ್ಲ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಜಾಗೀರ್ದಾರ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ್ದು. ಕಲ್ಲಿನ ಕಂಬ, ಕಲ್ಲಿನ ಹಾಸು, ನಮ್ಮ ಕಡೆ ಸಿಮೆಂಟ್ ಕಾಣದ ಕಾಲದ ಕೆಲಸ. ಎಷ್ಟೋ ಪ್ರವಾಹಗಳನ್ನು ತಡೆದುಕೊಂಡ ಅದರ ಒಂದು ಭಾಗ 2018ರ ಕಾವೇರಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ನಾನು ಚಿಕ್ಕವನಿದ್ದಾಗಿಂದ ಅದರ ಕಲ್ಲಿನ ಸಂದಿಯಲ್ಲಿ ಗಿಡ ಬೆಳೆಯುವುದನ್ನು ನೋಡಿದ್ದೇನೆ. ಎಳೆಯ ಗಿಡವನ್ನು ಕೈಯಲ್ಲಿ ಕೀಳಬಹುದು. ಬೇರು ಬಲಿತ ಮೇಲೆ ಅದೇ ಕಲ್ಲನ್ನು ಜರುಗಿಸುತ್ತದೆ. ಗಾರೆ ಕೆಲಸದವರಿಗೆ ಇದು ಮೊದಲ ಪಾಠ.

ರಸ್ತೆ ಅಂದರೆ ಬರೀ ಬೈಕಿನ ಸುಖವಲ್ಲ ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್ 14ರ ಸುಳವಾಡಿಯ ದಿನವನ್ನು ನಾವ್ಯಾರೂ ಮರೆತಿಲ್ಲ. ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಹೋದರು. ಅಸ್ವಸ್ಥರಾದ ನೂರಕ್ಕೂ ಹೆಚ್ಚು ಜನರನ್ನು ಸಿಕ್ಕಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ಕೊಳ್ಳೇಗಾಲ, ಅಲ್ಲಿಂದ ಮೈಸೂರು ಎಂದು ಓಡಿದ್ದು ಇದೇ ರಸ್ತೆಗಳಲ್ಲಿ. ಅದು ವಿಷದ ಕಥೆ, ರಸ್ತೆಯ ಕಥೆಯಲ್ಲ, ಎರಡನ್ನೂ ಬೆರೆಸುವುದಿಲ್ಲ. ಆದರೆ ವಾಂತಿ ಮಾಡುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೋಗುವವರಿಗೆ ಒಂದೊಂದು ಗುಂಡಿಯೂ ಲೆಕ್ಕಕ್ಕೆ ಸಿಗುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಳ್ಳಿಗಳ ಪಾಡು ನಮಗಿಂತ ಕಷ್ಟ. ಇಂಡಿಗನತ್ತದವರು 2024ರ ಏಪ್ರಿಲ್ 26ರಂದು ರಸ್ತೆ, ನೀರು, ಕರೆಂಟು ಇಲ್ಲವೆಂದು ಲೋಕಸಭೆ ಚುನಾವಣೆ ಬಹಿಷ್ಕರಿಸಿದ್ದರು. ಗಲಾಟೆಯಲ್ಲಿ ಮತಗಟ್ಟೆ ಧ್ವಂಸವಾಗಿ 29ರಂದು ಮರುಮತದಾನ ಆಯಿತು. ಮತಗಟ್ಟೆ ಒಡೆದದ್ದು ತಪ್ಪು, ಆ ತಪ್ಪಿಗೆ ಹೆಚ್ಚು ಬೆಲೆ ತೆತ್ತವರೂ ಅವರೇ. ಅವರದು ಇಲ್ಲದ ರಸ್ತೆಯ ಜಗಳ. ನಮ್ಮದು ಇರುವ ರಸ್ತೆ ಉಳಿಸಿಕೊಳ್ಳುವ ಕೆಲಸ. ಅದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಡ, ದೆಹಲಿಯ ಸಹಿ ಬೇಡ.

ಫುಟ್‌ಪಾತ್ ಬಗ್ಗೆ ಒಂದು ಮಾತು. ಹಳ್ಳಿಯಲ್ಲಿ ಎಂಥ ಫುಟ್‌ಪಾತ್ ಎಂದು ನಗಬೇಡಿ. ಟಾರಿನ ಪಕ್ಕದ ಮೂರಡಿ ಮಣ್ಣಿನ ಮಗ್ಗುಲೇ ನಮ್ಮ ಫುಟ್‌ಪಾತ್. ಶಾಲೆ ಮಕ್ಕಳು, ಪೂಜೆಗೆ ಹೋಗುವ ಅಜ್ಜಿಯರು, ಜಾತ್ರೆಗೆ ಬೆಟ್ಟದ ಕಡೆ ಹೊರಟ ಮಾದಪ್ಪನ ಒಕ್ಕಲು, ಎಲ್ಲರೂ ನಡೆಯುವುದು ಅಲ್ಲಿ. ನೀರು ಕೊರೆದು ಆ ಮಗ್ಗುಲು ಒಂದಡಿ ತಗ್ಗಾದರೆ ಅವರೆಲ್ಲ ಟಾರಿಗೆ ಹತ್ತುತ್ತಾರೆ, ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತದೆ. ಮಗ್ಗುಲಿಗೆ ವರ್ಷಕ್ಕೊಮ್ಮೆ ಎರಡು ಟ್ರಾಕ್ಟರ್ ಗ್ರಾವೆಲ್ ಸುರಿದು ದಮ್ಮಸ್ಸು ಮಾಡಿದರೆ ಆಗುವ ಕೆಲಸ.

ಹೇಳಲು ಕಷ್ಟವಾದ ಒಂದು ಮಾತಿದೆ. ಚರಂಡಿ ಎಲ್ಲಿ ಕೊನೆಯಾಗುತ್ತದೆ? ನಾನು ಕೆಲಸ ಮಾಡಿದ ಊರುಗಳಲ್ಲೆಲ್ಲ ನಕ್ಷೆಯಲ್ಲಿ ಹಳ್ಳದವರೆಗೆ ಗೆರೆ ಇರುತ್ತಿತ್ತು. ನೆಲದ ಮೇಲೆ ಕಾಲೋನಿಯ ಮೊದಲ ಮನೆ ಬಂದಾಗ ಹಣ ಮುಗಿಯುತ್ತಿತ್ತು. ಮೇಲಿನ ಬೀದಿಯ ಬಚ್ಚಲ ನೀರು ಕೆಳಗಿನ ಬೀದಿಯ ಅಂಗಳದಲ್ಲಿ ನಿಲ್ಲುತ್ತಿತ್ತು. ಸೊಳ್ಳೆ ಅವರಿಗೆ, ಜ್ವರ ಅವರಿಗೆ, "ಆ ಕಡೆ ಗಲೀಜು" ಎಂಬ ಮಾತೂ ಅವರಿಗೇ. ಇಳಿಜಾರು ಭೂಮಿಯ ಗುಣ, ಆದರೆ ಹಣ ಅಲ್ಲೇ ಮುಗಿಯುವುದು ಭೂಮಿಯ ಗುಣವಲ್ಲ. ಚರಂಡಿ ಕೆಲಸವನ್ನು ಯಾವಾಗಲೂ ಹಳ್ಳದ ಕಡೆಯಿಂದ ಮೇಲಕ್ಕೆ ಶುರು ಮಾಡಬೇಕು. ಇದು ನ್ಯಾಯದ ಮಾತೂ ಹೌದು, ಗಾರೆ ಕೆಲಸದ ನಿಯಮವೂ ಹೌದು. ಬಾಯಿ ಬಿಡಿಸದೆ ಬಾಲ ತೊಳೆದರೆ ನೀರು ಎಲ್ಲಿಗೆ ಹೋಗಬೇಕು?

ಹಾಗಾದರೆ ಏನು ಮಾಡೋಣ ಅನ್ನುತ್ತೀರಿ. ಮುಂದಿನ ವಾರ್ಡ್ ಸಭೆಯಲ್ಲಿ ಹೊಸ ರಸ್ತೆ ಕೇಳುವುದನ್ನು ಒಂದು ಸಲ ಬಿಡೋಣ. ಬೀದಿಗೊಂದು ಪುಟದಂತೆ ಪುಸ್ತಕ ಇಡಿ ಎಂದು ಕೇಳೋಣ. ಈ ರಸ್ತೆ ಯಾರದು, ಯಾವ ವರ್ಷ ಹಾಕಿದ್ದು, ಯಾವ ಹಣ, ಗುತ್ತಿಗೆದಾರನ ಹೊಣೆ ಎಲ್ಲಿಯವರೆಗೆ, ಚರಂಡಿ ಕೊನೆಯ ಸಲ ತೆಗೆದದ್ದು ಯಾವಾಗ. ಅಂದಾಜು ಪಟ್ಟಿ, ಅಳತೆ ಪುಸ್ತಕ ನೋಡಲು ಮಾಹಿತಿ ಹಕ್ಕು ಇದೆ, ಆದರೆ ಎಲ್ಲರೆದುರು ಓದಿಸಿದರೆ ಅರ್ಜಿಯೂ ಬೇಕಿಲ್ಲ. ಬಚ್ಚಲ ನೀರನ್ನು ಚರಂಡಿಗೆ ಬಿಡದೆ ಮನೆಯ ಹಿತ್ತಲಲ್ಲೇ ಇಂಗಿಸಲು ನರೇಗಾ ಹಣದಲ್ಲಿ ಬಚ್ಚಲು ಗುಂಡಿ ತೋಡಿಸಿದ್ದರು. ತೋಡಿದವರ ಮನೆ ಮುಂದೆ ಈಗ ಸೊಳ್ಳೆ ಕಡಿಮೆ. ಮನೆ ಕಂದಾಯವನ್ನೂ ಕಟ್ಟೋಣ. ಪಂಚಾಯಿತಿಯ ಸ್ವಂತ ದುಡ್ಡು ಎಂದರೆ ಮುಖ್ಯವಾಗಿ ಅದೇ. ಕಂದಾಯ ಬಾಕಿ ಇಟ್ಟುಕೊಂಡು ಪಿಡಿಒ ಮುಂದೆ ದನಿ ಏರಿಸಿದರೆ ಅವರು ಮೊದಲು ತೆಗೆಯುವುದು ನಮ್ಮ ಬಾಕಿ ಪಟ್ಟಿಯನ್ನೇ.

ಎದುರು ಮನೆಯ ಅಕ್ಕ ಕೇಳಿದರು, "ಚಪ್ಪಡಿ ಎತ್ತುಬುಟ್ರೆ ನಾವು ಮನೆಗೆ ಹೆಂಗಣ್ಣ ಹೋಗದು? ಗಾಡಿ ಹೆಂಗೆ ಹತ್ತಸದು?" ಸರಿಯಾದ ಮಾತು. ಚಪ್ಪಡಿಯೇ ಬೇಡ ಅನ್ನುತ್ತಿಲ್ಲ. ಹತ್ತಡಿ ಉದ್ದಕ್ಕೆ ಒಂದೇ ಹಾಸು ಎರಕ ಹೊಯ್ದು ಮೇಲೆ ಟೈಲ್ಸ್ ಅಂಟಿಸಿದರೆ ಅದರ ಕೆಳಗೆ ಯಾರ ಕೈಯೂ ಹೋಗುವುದಿಲ್ಲ. ಎರಡೆರಡು ಅಡಿಯ ಬಿಡಿ ಚಪ್ಪಡಿ ಮಾಡಿ, ಎರಡೂ ತುದಿಗೆ ಕಬ್ಬಿಣದ ಕೊಕ್ಕೆ ಇಟ್ಟರೆ ಇಬ್ಬರು ಎತ್ತಬಹುದು, ತೆಗೆದು ತೊಳೆದು ಮತ್ತೆ ಇಡಬಹುದು. ಅಚ್ಚು ನನ್ನ ಹತ್ತಿರ ಇದೆ, ಕೂಲಿ ಕೇಳುವುದಿಲ್ಲ. ಸಿಮೆಂಟು, ಕಂಬಿ ನಿಮ್ಮದು.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಮನೆಯ ಮುಂದಿನ ಚಪ್ಪಡಿ ಒಡೆಯುತ್ತೇನೆ. ಕೆಲಸ ಹಳ್ಳದ ಬಾಯಿಯಿಂದ ಶುರು. ಎರಡು ಹಾರೆ, ಮೂರು ಸನಿಕೆ, ಒಂದು ತಳ್ಳುಗಾಡಿ ಇದೆ. ಮಂಕರಿ ಇದ್ದವರು ತನ್ನಿ.

ಇಂತಿ,
ಕೆಳಗಿನ ತಿರುವಿನ ಗಾರೆ ಮೇಸ್ತ್ರಿ